ಲೋಟದೊಳಗಿನ ಲಾಡಿಹುಳು

ಪ್ರಯೋಗಾಲಯದ ಫ್ರಿಜ್ ಕೆಟ್ಟಿದ್ದರಿಂದ ಅವಳು ಹುಳುವನ್ನು ಚಹಾ ಕೋಣೆಯ ಫ್ರಿಜ್‌ನಲ್ಲಿಟ್ಟು ಮನೆಗೆ ಹೋಗಿದ್ದಳು. ಸ್ಟೀಲ್ ಲೋಟದಲ್ಲಿ ನೀರು, ನೀರಿನಲ್ಲಿ ಕಾಡುಬಾತಿನ ಕರುಳಿನಿಂದ ತೆಗೆದ ಲಾಡಿಹುಳು. ನೇರ ಸ್ಪಿರಿಟ್‌ಗೆ ಹಾಕಿದರೆ ಅದು ಮುನಿಸಿಕೊಂಡ ನಾದಿನಿಯಂತೆ ಮುದುಡುತ್ತದೆ. ತಣ್ಣೀರಿನಲ್ಲಿ ರಾತ್ರಿ ಕಳೆದರೆ ಮೈಬಿಟ್ಟು ಚಾಚಿಕೊಳ್ಳುತ್ತದೆ.

ಅಂಥ ಹುಳುವನ್ನು ಯಾವ ವಿಜ್ಞಾನಿಯೂ ಅದುವರೆಗೆ ಬರಹದಲ್ಲಿ ವರ್ಣಿಸಿರಲಿಲ್ಲ. ಅವಳಿಗೆ ಹಿಂದೆ ಸಿಕ್ಕಿದ್ದೆಲ್ಲ ತಲೆಯಿಲ್ಲದ ತುಂಡುಗಳು. ಕರುಳಿಗೆ ಕಚ್ಚಿಕೊಳ್ಳುವ ಕೊಕ್ಕೆಗಳ ಸಮೇತ ತಲೆಯಿದ್ದದ್ದು ಇದೊಂದಕ್ಕೇ; ಆ ಕೊಕ್ಕೆಗಳನ್ನು ಎಣಿಸದೆ ವರ್ಣನೆ ಪೂರ್ತಿಯಾಗದು. ತಲೆಯ ಭಾಗ ಬಿಟ್ಟು ಉಳಿದ ವರ್ಣನೆಯನ್ನೆಲ್ಲ ಬರೆದು ನಿರ್ದೇಶಕರ ಮೇಜಿನ ಮೇಲಿಟ್ಟಾಗಿತ್ತು. ಮೊದಲು ವರ್ಣಿಸಿದವರ ಹೆಸರು ಹುಳುವಿನ ಹೆಸರಿನ ಪಕ್ಕದಲ್ಲಿ ಎಂದೆಂದಿಗೂ ನಿಲ್ಲುತ್ತದೆ. ಬೇರೆಯವರ ಬರಹಗಳ ಕೃತಜ್ಞತೆಯ ಸಾಲಿನಲ್ಲೇ ವರ್ಷಗಳನ್ನು ಸವೆಸಿದವಳಿಗೆ ಆ ಜಾಗ ಬೇಕಿತ್ತು.

ಬೆಳಿಗ್ಗೆ ನೋಡಿದರೆ ಲೋಟ ತೊಳೆದು ಬೋರಲು ಹಾಕಿತ್ತು.

“ನಿರ್ದೇಶಕರು ಬೇಗ ಬಂದಿದ್ರಮ್ಮ. ಲೋಟ ತಗೊಂಡು ರೂಮಿಗೆ ಹೋದ್ರು, ಖಾಲಿ ಮಾಡಿ ಕಳಿಸಿದ್ರು,” ಎಂದಳು ಚಹಾ ಮಾಡುವಾಕೆ.

ಅಂದರೆ ನೀರಿನ ಜೊತೆ ಹುಳುವನ್ನೂ ಕುಡಿದುಬಿಟ್ಟಿದ್ದಾರೆ! ಬಾತಿನ ಹುಳು ಮನುಷ್ಯನ ಹೊಟ್ಟೆಯಲ್ಲಿ ನಿಲ್ಲುವುದಿಲ್ಲವೆಂದು ಗೊತ್ತಿತ್ತು. ಆದರೆ ಇದು ಹೊಸ ಹುಳು. ಇದರ ಬುದ್ಧಿ ಯಾರು ಕಂಡಿದ್ದಾರೆ?

ಪಕ್ಕದ ಮೇಜಿನಲ್ಲಿ ಹಕ್ಕಿಗಳ ಹೇನು ಎಣಿಸುವ ಸಹೋದ್ಯೋಗಿಗೆ ಎಲ್ಲರೂ ಇಟ್ಟ ಹೆಸರು ಹೇನಪ್ಪ. ಮುಖ ನೋಡಿಯೇ ಅವನು ವಿಷಯ ಕಕ್ಕಿಸಿದ.

“ಹೇಳಿದ್ರೆ ನಿಮ್ಮ ಕೆಲಸ ಹೋಗುತ್ತೆ ಮೇಡಂ. ಹೇಳದಿದ್ರೆ ಅವರೇ ಹೋಗ್ತಾರೆ,” ಎಂದ.

ಮಧ್ಯಾಹ್ನದ ಸಭೆಯಲ್ಲಿ ನಿರ್ದೇಶಕರು ತೇಗಿದಾಗಲೆಲ್ಲ ಅವಳ ಜೀವ ಬಾಯಿಗೆ ಬಂತು. ಒಮ್ಮೆ ಅವರು ಹೊಟ್ಟೆ ಸವರಿಕೊಂಡರು. ಅವರ ಹೆಂಡತಿ, ಮಕ್ಕಳು, ಸಂತಾಪ ಸಭೆ, ಎಲ್ಲವೂ ಅವಳ ಕಣ್ಣಮುಂದೆ ಸುಳಿದವು. ಕೊನೆಗೆ ಹೇನಪ್ಪನೇ ಔಷಧದಂಗಡಿಯಿಂದ ಜಂತುಹುಳದ ಮಾತ್ರೆ ತಂದು, ಪುಡಿ ಮಾಡಿ ಚಹಾಕ್ಕೆ ಬೆರೆಸಿಕೊಟ್ಟ. ಅದನ್ನು ಹಿಡಿದು ಅವಳು ನಿರ್ದೇಶಕರ ಕೋಣೆಗೆ ಹೋದಳು.

“ಏನಮ್ಮಾ, ಹೀಗೆ ಬೆವರ್ತಿದ್ದೀರಿ? ಮೊದಲು ನೀವೇ ಕುಡೀರಿ,” ಎಂದು ಅವರು ಲೋಟ ಹಿಂದಕ್ಕೆ ಸರಿಸಿ, ಅವಳು ಕುಡಿದು ಮುಗಿಸುವವರೆಗೂ ಬಿಡಲಿಲ್ಲ. ಅವಳು ಕಹಿಯನ್ನು ತಳದವರೆಗೂ ನುಂಗಿದಳು.

“ಸದ್ಯ, ಬೆಳಿಗ್ಗೆ ನೀರು ಕುಡಿಯೋ ಮೊದಲು ಲೋಟದೊಳಗೆ ನೋಡಿದೆ,” ಎಂದು ನಿರ್ದೇಶಕರು ನಕ್ಕರು. “ಎಂಥಾ ತಲೆ ಅದು! ಕೊಕ್ಕೆಗಳನ್ನ ನಾನೇ ಎಣಿಸಿ, ನಿಮ್ಮ ಬರಹಕ್ಕೆ ಸೇರಿಸಿ ವಿಜ್ಞಾನ ಪತ್ರಿಕೆಗೆ ಕಳಿಸಿಬಿಟ್ಟೆ.”

ಹೋದ ಜೀವ ಬಂದಂತಾಯಿತು. “ನನ್ನ ಹೆಸರು ಇದೆಯಲ್ಲ ಸಾರ್?”

“ಇಲ್ಲದೆ? ಹುಳುವಿಗೇ ನಿಮ್ಮ ಹೆಸರಿಟ್ಟಿದ್ದೀನಿ. ತಾನು ವರ್ಣಿಸಿದ ಹುಳುವಿಗೆ ತನ್ನದೇ ಹೆಸರಿಟ್ಕೊಳ್ಳೋದು ಚೆನ್ನಾಗಿರಲ್ಲ ನೋಡಿ. ಅದಕ್ಕೇ ವರ್ಣಿಸಿದವರ ಜಾಗದಲ್ಲಿ ನನ್ನ ಹೆಸರು ಹಾಕ್ಕೊಂಡೆ.”

ಅವಳ ಹೊಟ್ಟೆ ಗುಡುಗುಡು ಎಂದಿತು. ಬಾಗಿಲಲ್ಲೇ ಕಾದಿದ್ದ ಹೇನಪ್ಪ ಸುದ್ದಿ ಕೇಳಿ ಕೈಮುಗಿದ.

“ಪುಣ್ಯವಂತರು ಮೇಡಂ. ಬಾತುಗಳಿರೋ ತನಕ ನೀವೂ ಇರ್ತೀರಿ, ಅವುಗಳ ಕರುಳಲ್ಲಿ.”