ಬೇಡ ಎಂದರೂ ಬಡಿಸುವ ಪ್ಲಗಿನ್

ಪ್ಲಗಿನ್ ಬರೆಯುವುದು ನನಗೆ ನೀರು ಕುಡಿದಷ್ಟು ಸುಲಭ. ಈ ಮಾತನ್ನು ನಾನು ಪ್ರಿನ್ಸಿಪಾಲರ ಎದುರು ಹೇಳಿದೆ, ಸ್ಟಾಫ್ ರೂಮಿನಲ್ಲಿ ಹೇಳಿದೆ, ಕೇಳದಿದ್ದರೂ ಹಾಲಿನವನಿಗೂ ಹೇಳಿದೆ. ಹೇಳಬಾರದಿತ್ತು.

ನಾನು ವಿಜಯಪುರದ ಅಥಣಿ ರಸ್ತೆಯ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುವ ಅತಿಥಿ ಉಪನ್ಯಾಸಕ. ಅತಿಥಿ ಎಂದರೆ ಪ್ರತಿ ಬೇಸಿಗೆಯಲ್ಲಿ ನೌಕರಿ ಹೋಗುತ್ತದೆ, ಕಮಿಟಿಯವರು ಮನಸ್ಸು ಮಾಡಿದರೆ ಮತ್ತೆ ಬರುತ್ತದೆ. ಈ ವರ್ಷ ಹುಡುಗರು ಕಡಿಮೆಯಾಗಿ, ನಮ್ಮ ವಿಭಾಗದ ಇಬ್ಬರು ಅತಿಥಿಗಳಲ್ಲಿ ಒಬ್ಬರನ್ನಷ್ಟೇ ಇಟ್ಟುಕೊಳ್ಳುವುದೆಂದು ತೀರ್ಮಾನವಾಗಿತ್ತು. ಇನ್ನೊಬ್ಬರಿಗೆ ಡಾಕ್ಟರೇಟ್ ಇತ್ತು. ನನಗೆ ಬೆನ್ನುನೋವಿತ್ತು.

“ಏನಾರ ಒಂದು ಸಾಧನೆ ತೋರಸ್ರಿ ಸರ,” ಎಂದರು ಪ್ರಿನ್ಸಿಪಾಲರು. “ಕಮಿಟಿ ಮುಂದ ನಿಮ್ಮ ಪರವಾಗಿ ಮಾತಾಡಾಕ ನನಗೂ ಏನಾರ ಬೇಕಲ್ರಿ?”

ವೆಬ್‌ಸೈಟ್ ಕಟ್ಟಲು ಜಗತ್ತಿನ ಎಷ್ಟೋ ಜನ ಬಳಸುವ ಒಂದು ಓಪನ್ ಸೋರ್ಸ್ ಫ್ರೇಮ್‌ವರ್ಕ್ ಇದೆ. ಯಾರು ಬೇಕಾದರೂ ಬಿಟ್ಟಿಯಾಗಿ ಬಳಸಬಹುದು, ತಮ್ಮ ಕೈಯಿಂದ ಏನಾದರೂ ಸೇರಿಸಲೂಬಹುದು. ಕೋಡ್ ಬರೆಯುವ ಎಡಿಟರಿಗೆ ಅಂಟಿಕೊಂಡು, “ಮುಂದಿನ ಸಾಲು ಇದು, ಸೇರಿಸಲೇ?” ಎಂದು ಕೇಳುವ ಪುಟ್ಟ ಸಹಾಯಕನೇ ನನ್ನ ಪ್ಲಗಿನ್. ಬೇಕು, ಬೇಡ ಎಂದು ಎರಡು ಗುಂಡಿ. ಆ ಫ್ರೇಮ್‌ವರ್ಕಿನವರು ತಮ್ಮ ಅಧಿಕೃತ ಪಟ್ಟಿಯಲ್ಲಿ ಅದನ್ನು ಸೇರಿಸಿಕೊಂಡರೆ ನನ್ನ ನೌಕರಿ ಉಳಿದಂತೆಯೇ ಎಂದುಕೊಂಡೆ.

ಮೊದಲ ಪರೀಕ್ಷೆಗೆ ಹೆಂಡತಿ ಸುವರ್ಣಾಳನ್ನು ಕೂರಿಸಿದೆ. ಅವಳು ಪ್ರಾಥಮಿಕ ಶಾಲೆಯ ಶಿಕ್ಷಕಿ. ಏನನ್ನೂ ತಪ್ಪು ಹುಡುಕದೆ ನೋಡಲಾರಳು. ಪ್ಲಗಿನ್ ಕೇಳಿತು. ಅವಳು ‘ಬೇಡ’ ಒತ್ತಿದಳು. ಅದು ಮಾಯವಾಯಿತು.

“ಇದೇನ್ರೀ? ಒಮ್ಮೆ ಬ್ಯಾಡ ಅಂದ್ರ ಹೋಗೇ ಬಿಡ್ತು! ಸಿಟ್ಟು ಬಂತೇನ ಅದಕ್ಕ?”

“ಬ್ಯಾಡ ಅಂದಿಯಲ್ಲ, ಅದಕ್ಕ ಹೋತು.”

“ಹಂಗ ಕೇಳ್ತಾರೇನ್ರಿ ಯಾರಾದ್ರೂ? ನಮ್ಮವ್ವ ನಿಮಗ ಒಮ್ಮೆ ಕೇಳಿ ಸುಮ್ಮ ಬಿಟ್ಟಾಳೇನು?”

ಬಿಟ್ಟಿರಲಿಲ್ಲ. ತಿಕೋಟಾದ ನನ್ನ ಅತ್ತೆಯ ಮನೆಯಲ್ಲಿ ‘ಸಾಕು’ ಎಂಬ ಮಾತಿಗೆ ಯಾವ ಕಾನೂನಿನ ಮಾನ್ಯತೆಯೂ ಇಲ್ಲ. ಮೊದಲ ‘ಸಾಕು’ ಸಂಕೋಚ. ಎರಡನೆಯದು ಶಿಷ್ಟಾಚಾರ. ಮೂರನೆಯದು ಬಾಯಿಂದ ಹೊರಡುವಷ್ಟರಲ್ಲಿ ರೊಟ್ಟಿ ತಾಟಿನಲ್ಲಿ ಬಿದ್ದಿರುತ್ತದೆ. ಅಡ್ಡ ಹಿಡಿದ ಕೈಯ ಮೇಲೆ ಬಿಸಿ ಪಲ್ಯ ಬಿದ್ದ ಉದಾಹರಣೆಯೂ ಇದೆ. ಆ ಕೈ ನನ್ನದು.

ಅವಳ ಮಾತು ನನಗೆ ಸರಿಯೆನಿಸಿತು. ಸಭ್ಯತೆ ಇಲ್ಲದ ಸಾಫ್ಟ್‌ವೇರನ್ನು ಜಗತ್ತಿಗೆ ಕೊಡುವುದೇ? ಕೂಡಲೇ ತಿದ್ದಿದೆ. ಎರಡು ಸಲ ‘ಬೇಡ’ ಎಂದರೂ ಮತ್ತೆ ಕೇಳಬೇಕು. ಮೂರನೇ ಸಲ ಸುಮ್ಮನೆ ಸೇರಿಸಿಬಿಡಬೇಕು. ಸೇರಿಸಿದ್ದನ್ನು ಅಳಿಸಿದರೆ ತಾಟು ಖಾಲಿಯಾಯಿತೆಂದು ತಿಳಿದು ಮತ್ತೆ ಬಡಿಸಬೇಕು. ಪ್ಲಗಿನ್ ತೆಗೆದುಹಾಕಲು ಹೋದರೆ, “ಇಷ್ಟು ಬೇಗ ಹೊರಟಿರಾ? ಸ್ವಲ್ಪ ಕೂತು ಹೋಗಿ” ಎನ್ನಬೇಕು. ಈ ಕೊನೆಯದು ಸುವರ್ಣಾಳ ಸಲಹೆ. ಇಂಗ್ಲಿಷಿನಲ್ಲಿಯೂ ಹಾಕಿದೆ.

ನನ್ನ ವಿದ್ಯಾರ್ಥಿಗಳ ಮೇಲೆ ಪ್ರಯೋಗಿಸಿದೆ. ಒಬ್ಬರೂ ತಪ್ಪು ಹೇಳಲಿಲ್ಲ! ಹೇಳುವುದಾದರೂ ಹೇಗೆ? ಎಲ್ಲರೂ ಇದೇ ಸುತ್ತಿನ ಮನೆಗಳಲ್ಲಿ ಉಂಡು ಬೆಳೆದವರು. ಫ್ರೇಮ್‌ವರ್ಕಿನ ಪಟ್ಟಿಗೆ ಕಳಿಸಿದೆ. ಅವರೂ ‘ಬೇಡ’ ಒತ್ತಿ ನೋಡಲೇ ಇಲ್ಲವೆಂದು ಕಾಣುತ್ತದೆ, ಒಪ್ಪಿಕೊಂಡೇ ಬಿಟ್ಟರು. ಆ ದಿನ ನಾನು ಓಣಿಗೆಲ್ಲ ಪೇಢೆ ಹಂಚಿದೆ.

ಆಮೇಲೆ ದೂರುಗಳು ಬಂದವು. ಯಾವುದೋ ದೂರದೇಶದವನೊಬ್ಬ ಬರೆದಿದ್ದ: “ಬೇಡ ಎಂದೆ, ಸೇರಿಸಿತು. ಅಳಿಸಿದೆ, ಮತ್ತೆ ಸೇರಿಸಿತು. ತೆಗೆಯಲು ಹೋದರೆ ಕೂತುಕೋ ಎನ್ನುತ್ತಿದೆ. ಇದು ವೈರಸ್ಸೇ?” ನಾನು ಅತ್ಯಂತ ವಿನಯದಿಂದ ಉತ್ತರಿಸಿದೆ: “ದಯವಿಟ್ಟು ಸಂಕೋಚ ಪಟ್ಟುಕೊಳ್ಳಬೇಡಿ.” ಅವನು ಇನ್ನಷ್ಟು ಕೆರಳಿದ. ತಿದ್ದಿ ಕೊಡುತ್ತೇನೆ ಎಂದು ನಾನು ಬರೆಯುವಷ್ಟರಲ್ಲಿ ಸಮಯ ಮೀರಿತ್ತು. ಕಮಿಟಿ ಸೇರುವ ದಿನವೇ ಬೆಳಿಗ್ಗೆ ನನ್ನ ಪ್ಲಗಿನ್ನನ್ನು ಪಟ್ಟಿಯಿಂದ ಕಿತ್ತುಹಾಕಿದರು. ಕಾರಣ: ಬಳಸುವವರ ನಿರಾಕರಣೆಯನ್ನು ಗೌರವಿಸುವುದಿಲ್ಲ.

ಮುಚ್ಚಿಡೋಣವೆಂದರೆ, ಪ್ರಿನ್ಸಿಪಾಲರು ಹುರುಪಿನಿಂದ ಆ ಪಟ್ಟಿಯನ್ನೇ ಪ್ರೊಜೆಕ್ಟರಿನಲ್ಲಿ ಗೋಡೆಯ ಮೇಲೆ ಬಿಟ್ಟಿದ್ದರು. ನನ್ನ ಹೆಸರು ಆನೆ ಗಾತ್ರದಲ್ಲಿತ್ತು. ಪಕ್ಕದಲ್ಲಿ ಕೆಂಪು ಅಕ್ಷರದಲ್ಲಿ ‘ತೆಗೆದುಹಾಕಲಾಗಿದೆ’ ಎಂದಿತ್ತು.

ಕಮಿಟಿಯ ಅಧ್ಯಕ್ಷರು ಹಿರಿಯರು. “ಯಾಕ ತಗದಾರ್ರಿ? ನಾ ಒಂದೀಟು ನೋಡ್ತೇನಿ, ತಡೀರಿ,” ಎಂದು ತಾವೇ ನನ್ನ ಲ್ಯಾಪ್‌ಟಾಪಿನ ಮುಂದೆ ಕೂತು ‘ಬೇಡ’ ಒತ್ತಿದರು. ಮತ್ತೆ ಒತ್ತಿದರು. ಮೂರನೇ ಸಲವೂ ಒತ್ತಿದರು. ಕೋಡು ಸುರಿಯತೊಡಗಿತು. ಅಳಿಸಿದರು. ಇನ್ನೂ ಸುರಿಯಿತು. ಕೊನೆಗೆ ಲ್ಯಾಪ್‌ಟಾಪೇ ನಿಂತುಹೋಯಿತು.

ಅಧ್ಯಕ್ಷರು ಹೊಟ್ಟೆ ಹಿಡಿದುಕೊಂಡು ನಕ್ಕರು. “ಯಪ್ಪಾ! ನಮ್ಮ ಬೀಗರ ಮನ್ಯಾಗ ಉಣ್ಣಾಕ ಕುಂತಂಗಾತಲ್ರಿ!” ಎಲ್ಲರೂ ನಕ್ಕರು. ನಾನೂ ನಕ್ಕೆ. ಚಹಾ ಬಂತು, ಚುರುಮುರಿಯ ಸುಸಲಾ ಬಂತು, ಬಿಸಿ ಮಿರ್ಚಿ ಭಜಿ ಬಂತು. ಅಧ್ಯಕ್ಷರು ತಾವೇ ಎದ್ದು ನನ್ನ ಪ್ಲೇಟಿಗೆ ಹಾಕಿದರು. “ಭಾಳ ಛಲೋ ಮಾಡೀರಿ ಸರ. ನೋಡೋಣಂತ. ಹೇಳಿ ಕಳಸ್ತೇವಿ.”

ಬದುಕಿದೆ ಎಂದುಕೊಂಡು ಮನೆಗೆ ಬಂದೆ. ಸುವರ್ಣಾ ಬಾಗಿಲಲ್ಲೇ ನಿಂತಿದ್ದಳು.

“ಏನಾತ್ರಿ?”

“ಆತು ಅಂತ ತಿಳಕೋ! ಅಧ್ಯಕ್ಷರು ಭಾಳ ಖುಷಿ ಆಗ್ಯಾರ. ನೋಡೋಣಂತ, ಹೇಳಿ ಕಳಸ್ತೇವಿ ಅಂದಾರ.”

ಅವಳ ಮುಖ ಇಳಿಯಿತು. “ತಿನ್ನಾಕ ಏನರ ಕೊಟ್ರೇನು?”

“ಕೊಟ್ರಲ್ಲ! ಸುಸಲಾ, ಮಿರ್ಚಿ. ಅಧ್ಯಕ್ಷರು ತಮ್ಮ ಕೈಯಾರ ಹಾಕಿದ್ರು.”

“ಹಾಂಗಾರ ಮುಗೀತು ಬಿಡ್ರಿ,” ಎಂದು ಅವಳು ಹೊಸ್ತಿಲ ಮೇಲೆ ಕೂತಳು. “ನಮ್ಮ ಕಡೆ ಬ್ಯಾಡ ಅಂತ ಬಾಯಿ ಬಿಟ್ಟು ಯಾರ್ ಹೇಳ್ತಾರ್ರಿ? ಹೊಟ್ಟಿ ತುಂಬಿಸಿ ಕಳಸ್ತಾರ. ಇಟ್ಕೊಳ್ಳೋ ಮಂದಿಗೆ ಯಾರೂ ಮಿರ್ಚಿ ಹಾಕಂಗಿಲ್ಲ. ‘ನಾಳೆ ಲಗೂನ ಬಾ’ ಅಂತಾರ, ಅಷ್ಟ.”

ಮರುವಾರ ಹೊಸ ವೇಳಾಪಟ್ಟಿ ಹಚ್ಚಿದರು. ನನ್ನ ಪಾಠಗಳ ಎದುರು ಡಾಕ್ಟರೇಟಿನವರ ಹೆಸರಿತ್ತು. ನಿಂತು ಓದಿದೆ. ಮುಖ ಕಾಣದ ಪರದೇಶದವರು ಒಂದೇ ಸಾಲಿನಲ್ಲಿ ನನಗೆ ‘ಬೇಡ’ ಎಂದಿದ್ದರು, ಅದು ತಕ್ಷಣ ತಿಳಿದಿತ್ತು. ನಮ್ಮೂರಿನವರದು ತಿಳಿಯಲೇ ಇಲ್ಲ. ಆ ದಿನ ಅಧ್ಯಕ್ಷರು ಎರಡನೇ ಸಲ ಸುಸಲಾ ಹಾಕಲು ಬಂದಾಗ, ನಾನು ಪ್ಲೇಟು ಮುಂದೆ ಚಾಚಿದ್ದೆ.