ತೀರಿಹೋದವರ ಅಪ್ಪಣೆ

ನಮ್ಮ ಕಾಕಾ ಬದುಕಿರುವ ಒಬ್ಬರ ಮಾತನ್ನೂ ಕೇಳಿದವನಲ್ಲ. ತೀರಿಹೋದವರ ಅಪ್ಪಣೆ ಮಾತ್ರ ದಿನಾ ಕೇಳುತ್ತಾನೆ! ಸುಳ್ಳೆನಿಸಿತೇ? ನನಗೂ ಹಾಗೇ ಅನಿಸಿತ್ತು.

ಆತ ರೋಣದ ಒಂದು ಕಾಲೇಜಿನ ಕಂಪ್ಯೂಟರ್ ಲ್ಯಾಬಿನಲ್ಲಿ ಸಹಾಯಕ. ಗಂಟಲಿನ ಆಪರೇಶನ್ ಆಗಿ ಅವನ ಹೆಂಡತಿ, ನಮ್ಮ ಕಾಕುವಿನ ದನಿ ಹೋಯಿತು. ಅದಕ್ಕೂ ಮುಂಚೆ ಎಂಟು ದಿನ ಕೂತು ಅವಳ ಮಾತುಗಳನ್ನು ಮೊಬೈಲಿನಲ್ಲಿ ಹಿಡಿದಿಟ್ಟಿದ್ದ ಕಾಕಾ, ಬರೆದದ್ದನ್ನು ಅದೇ ದನಿಯಲ್ಲಿ ಓದುವ ತಂತ್ರಾಂಶ ಕಟ್ಟುತ್ತೇನೆಂದು ಹಟ ಹಿಡಿದ. ಅಷ್ಟು ಕಸುವಿದ್ದ ಯಂತ್ರ ಲ್ಯಾಬಿನಲ್ಲಿ ಒಂದೇ. ಅದರ ಅಡ್ಮಿನ್ ಪಾಸ್‌ವರ್ಡ್ ಗೊತ್ತಿದ್ದ ಹಿಂದಿನ ಸರ್ ತೀರಿಹೋಗಿದ್ದರು. ಪಾಸ್‌ವರ್ಡೂ ಅವರ ಜೊತೆಗೇ ಹೋಯಿತು!

ಬೇಕಾದ ಫೈಲುಗಳೆಲ್ಲ ಆ ಸರ್ ಹೆಸರಿನಲ್ಲೇ. ಓದಬಹುದು, ತಿದ್ದುವಂತಿಲ್ಲ. ಏನು ಕಟ್ಟಹೋದರೂ ಪರದೆಯ ಮೇಲೆ ಒಂದೇ ಉತ್ತರ: ಅನುಮತಿ ಇಲ್ಲ. ವರ್ಷದ ಹಿಂದೆ ನಾವೇ ಮಣ್ಣು ಕೊಟ್ಟು ಬಂದ ಮನುಷ್ಯ ಒಳಗೆ ಕೂತು ಬೇಡ ಅನ್ನುತ್ತಿದ್ದಾರೇನೋ ಎಂದು ಪಕ್ಕದಲ್ಲಿ ಕೂತಿದ್ದ ನನ್ನ ಮೈ ಜುಮ್ಮೆಂದಿತು.

ಕಾಕಾ ಪರದೆಗೆ ಕೈಮುಗಿದ. "ಸರ್, ನಿಮ್ದೊಂದು ಫೈಲ್ ನಕಲು ಮಾಡ್ಕೋತೀನ್ರಿ. ಸಿಟ್ಟಾಗಬ್ಯಾಡ್ರಿ."

"ಕಾಕಾ, ಯಾರ ಜೋಡಿ ಮಾತಾಡಾಕತ್ತಿ?"

"ಫೈಲಿನ ಮಾಲಕರ ಜೋಡಿ."

"ಏನಂದ್ರು?"

"ಬ್ಯಾಡ ಅಂದಿಲ್ಲಲ್ಲ!"

ನಕಲು ಮಾಡಿದ ಫೈಲು ನಕಲು ಮಾಡಿದವನದೇ ಆಗುತ್ತದಂತೆ. ಹಾಗೆ ಒಂದೊಂದನ್ನೇ ತನ್ನ ಫೋಲ್ಡರಿಗೆ ತಂದು, ತಿದ್ದುವ, ಓಡಿಸುವ ಅನುಮತಿಯನ್ನು ತಾನೇ ಕೊಟ್ಟು, ಕಟ್ಟಿದ ತಂತ್ರಾಂಶವೂ ಆ ಫೋಲ್ಡರಿನಲ್ಲೇ ಕೂರುವಂತೆ ಮಾಡಿದ. ಎಷ್ಟು ತಿಂಗಳು! ಒಳಗಿನ ಈ ಸಂಭಾಷಣೆ ಕಿವಿಗೆ ಬಿದ್ದ ಪ್ರಾಚಾರ್ಯರು ಲ್ಯಾಬಿನ ಬಾಗಿಲಿಗೆ ನಿಂಬೆಹಣ್ಣು ಕಟ್ಟಿಸಿದರು!

ಒಂದು ಭಾನುವಾರ ಮಧ್ಯಾಹ್ನ ಕಾಕಾನ ಫೋನು ಬಂತು. "ಕಾಕೂನ್ನ ಕರಕೊಂಡು ಬಾ."

ಕಾಲೇಜಿನ ಉದ್ದನೆಯ ಪಡಸಾಲೆಯಲ್ಲಿ ನರಪಿಳ್ಳೆಯೂ ಇರಲಿಲ್ಲ. ನಮ್ಮ ಚಪ್ಪಲಿಯ ಸದ್ದು ನಮ್ಮ ಹಿಂದಿನಿಂದಲೇ ಬರುತ್ತಿತ್ತು. ಲ್ಯಾಬಿನ ಬಾಗಿಲು ಇನ್ನೂ ದೂರವಿರುವಾಗ ಒಳಗಿನಿಂದ ಕಾಕು ಕರೆದಳು:

"ಲಗೂ ಬರ್ರಿ."

ತಿರುಗಿ ನೋಡಿದೆ. ಕಾಕು ನನ್ನ ಪಕ್ಕದಲ್ಲೇ ಇದ್ದಳು. ಬಾಯಿ ಮುಚ್ಚಿತ್ತು. ಅವಳ ತಣ್ಣನೆಯ ಕೈ ನನ್ನ ತೋಳನ್ನು ಗಟ್ಟಿಯಾಗಿ ಹಿಡಿಯಿತು.

ಒಳಗೆ ಕಾಕಾ ಅವಳನ್ನು ಕೂರಿಸಿ ಕೀಲಿಮಣೆ ಮುಂದಿಟ್ಟ. "ಹೆದರಬ್ಯಾಡ. ನಿಂದ ದನಿ ಅದು. ಏನರ ಬರಿ."

ಕಾಕು ಒಂದೊಂದೇ ಅಕ್ಷರ ಹುಡುಕಿ ಒತ್ತಿದಳು. ಯಂತ್ರ ಅವಳ ದನಿಯಲ್ಲೇ ಕೇಳಿತು:

"ಎಷ್ಟ ಸೊರಗೀರಿ... ಉಂಡೀರೇನ್ರಿ?"

ಕಾಕಾ ಕಿಟಕಿಯ ಕಡೆ ಮುಖ ತಿರುಗಿಸಿಕೊಂಡ.

"ಇನ್ನೊಮ್ಮೆ ಒತ್ತ," ಅಂದ. "ಇನ್ನೊಮ್ಮೆ."