ಗೋಪಾಲಮ್ಮನವರ ಮೂಕ ಸ್ಪೀಕರ್

ಭಾನುವಾರ ಬೆಳಿಗ್ಗೆ ಕಾಶಿನಾಥ ಎರಡನೆಯ ಲೋಟ ಚಹಾಕ್ಕೆ ಕೈ ಚಾಚಿದ್ದ. ಅಷ್ಟರಲ್ಲಿ ಮನೆಯ ಮಾಲೀಕರಾದ ಗೋಪಾಲಮ್ಮ ಮೆಟ್ಟಿಲು ಹತ್ತಿ ಬಂದು, ಜ್ವರ ಬಂದ ಕೂಸನ್ನು ಡಾಕ್ಟರಿಗೆ ಒಪ್ಪಿಸುವಂತೆ, ಕಪ್ಪು ಸ್ಪೀಕರ್ ಪೆಟ್ಟಿಗೆಯೊಂದನ್ನು ಅವನ ಮಡಿಲಲ್ಲಿಟ್ಟರು.

“ಮಾತೇ ನಿಂತೋಗೈತೆ ಮೇಷ್ಟ್ರೆ. ನಾಳೆಯಿಂದ ಧನುರ್ಮಾಸ. ಬೆಳಗಿನ್ ಜಾವ ಐದಕ್ಕೆ ಆಂಜನೇಯನ ಗುಡೀಲಿ ಭಜನೆ. ಒಸಿ ನೋಡಿ. ಆಗ್ದಿದ್ರೂ ಪರವಾಗಿಲ್ಲ, ಬೇಜಾರ್ ಮಾಡ್ಕಬ್ಯಾಡಿ.”

ಕಾಶಿನಾಥ ವಿಜಯಪುರದ ಕಡೆಯವನು. ಡಿಪ್ಲೊಮಾ ಕಾಲೇಜೊಂದರಲ್ಲಿ ಎಲೆಕ್ಟ್ರಾನಿಕ್ಸ್ ಪಾಠ ಹೇಳುತ್ತಾ ಹತ್ತು ವರ್ಷದಿಂದ ಬಾಗಲಗುಂಟೆಯ ಈ ಮಹಡಿ ಮನೆಯಲ್ಲಿದ್ದ. ಆಂಪ್ಲಿಫೈಯರಿನ ಚಿತ್ರವನ್ನು ಕಣ್ಣು ಮುಚ್ಚಿಕೊಂಡೇ ಬೋರ್ಡಿನ ಮೇಲೆ ಬರೆಯಬಲ್ಲ. ಕಣ್ಣು ತೆರೆದುಕೊಂಡು ಒಂದನ್ನಾದರೂ ಬಿಚ್ಚಿ ಜೋಡಿಸಿದವನಲ್ಲ. ಈ ಗುಟ್ಟು ಹೆಂಡತಿ ರಕ್ಷಾಳಿಗೆ ಮಾತ್ರ ಗೊತ್ತಿತ್ತು.

“ಹೋದ ವರ್ಷ ಬಿಚ್ಚಿದ ಮಿಕ್ಸರ್ ಇನ್ನೂ ಡಬ್ಬಿಯೊಳಗ ಐತ್ರೀ,” ಎಂದು ಅವಳು ಮೆಲ್ಲಗೆ ನೆನಪಿಸಿದಳು.

“ಇದು ಬ್ಯಾರೆ,” ಎಂದ ಕಾಶಿನಾಥ. ಇಡೀ ಬೀದಿ ಅವನನ್ನು ಎಲೆಕ್ಟ್ರಾನಿಕ್ಸ್ ಮೇಷ್ಟ್ರು ಎನ್ನುತ್ತಿತ್ತು. ಆಗುವುದಿಲ್ಲವೆಂದು ಪೆಟ್ಟಿಗೆ ವಾಪಸು ಕೊಟ್ಟರೆ ನಾಳೆ ಹಾಲಿನಂಗಡಿಯಲ್ಲಿ ಹೇಗೆ ನಿಲ್ಲುವುದು?

ಬೆಳಕು ಚೆನ್ನಾಗಿರಲೆಂದು ಟೆರೇಸಿನಲ್ಲಿ ಕೂತದ್ದೇ ತಪ್ಪಾಯಿತು. ಎದುರು ಮನೆಯ ಮುನಿಆಂಜಿನಪ್ಪ ಅಲ್ಲಿಂದಲೇ ನೋಡಿ, ಸಾವಿನ ಮನೆಗೆ ಬರುವವರಂತೆ ಶಾಲು ಹೊದ್ದು ಬಂದರು. ಬಂದವರೇ ಪೆಟ್ಟಿಗೆಗೆ ಎರಡು ತಟ್ಟಿದರು. “ಕಂಡೆನ್ಸರ್ ಓಗೈತೆ. ನಮ್ಮಪ್ಪನ ರೇಡಿಯೋನೂ ಇಂಗೇ ಆಗಿತ್ತು.” ಅವರ ಏಟಿಗೆ ಬಿಚ್ಚಿಟ್ಟ ಆರು ಸ್ಕ್ರೂಗಳಲ್ಲಿ ಎರಡು ಉರುಳಿ ಮಳೆನೀರಿನ ಪೈಪಿನೊಳಗೆ ಇಳಿದುಹೋದವು.

ಕಾಶಿನಾಥ ಹಲ್ಲು ಕಚ್ಚಿಕೊಂಡು ಒಳಗಿನ ಹಸಿರು ಬೋರ್ಡಿನ ಮೇಲೆ ಇರುವೆಯಷ್ಟಿದ್ದ ಕಪ್ಪು ಚಿಪ್ಪನ್ನು ತೋರಿಸಿದ. ಪಾಠ ಹೇಳುವಾಗ ಅವನಿಗೆ ಧೈರ್ಯ ತಾನೇ ಬರುತ್ತಿತ್ತು.

“ನಮ್ಮ ಬೀದಿಗೆ ನೀರು ಬಿಡೋ ಮಣಿಕಂಠ ಅದಾನಲ್ರೀ, ಹಂಗ ಇದು. ನೀರು ಟ್ಯಾಂಕಿಂದು, ಅವ ಬರೇ ವಾಲ್ವ್ ತಿರುವ್ತಾನ. ಇಲ್ಲಿ ಟ್ಯಾಂಕ್ ಅಂದ್ರ ಬ್ಯಾಟರಿ. ಫೋನಿಂದ ಬರೋ ಸಣ್ಣ ಸಿಗ್ನಲ್ ಹೇಳಿದಂಗ ಈ ಚಿಪ್ ಬ್ಯಾಟರಿ ಕರೆಂಟನ್ನ ಸ್ಪೀಕರಿಗೆ ಬಿಡತೈತಿ. ಸೆಕೆಂಡಿಗೆ ಲಕ್ಷಾಂತರ ಸಲ ತೆಗೆದು ಮುಚ್ಚತೈತಿ, ಅದಕ್ಕ ಜಾಸ್ತಿ ಬಿಸಿಯಾಗಂಗಿಲ್ಲ. ಹೆಡ್‌ಫೋನ್ ಸಿಕ್ಕಿಸಿದ್ರ ಇದ ಚಿಪ್ಪು ಸ್ಪೀಕರ್ ಲೈನ್ ಬಂದ್ ಮಾಡಿ, ಆ ಕಡೆ ಸಣ್ಣಗ ಬಿಡತೈತಿ.”

“ಅಂಗಾರೆ ನಮ್ ಮಣಿಕಂಠನೇ ವಾಸಿ,” ಎಂದರು ಮುನಿಆಂಜಿನಪ್ಪ. “ಎರಡು ದಿನಕ್ಕೊಂದ್ ಸಲನಾದ್ರೂ ಬಿಡ್ತಾನೆ.”

ಲೈಟು ಉರಿಯುತ್ತಿತ್ತು, ಕಾಶಿನಾಥನ ಫೋನು ಬ್ಲೂಟೂತಿಗೆ ಸೇರುತ್ತಿತ್ತು, ಸದ್ದು ಮಾತ್ರ ಇಲ್ಲ. ಚಿಪ್ಪೇ ಸತ್ತಿದೆ ಎಂದು ಕಾಶಿನಾಥ ತೀರ್ಪು ಕೊಟ್ಟ. ಉಳಿದ ನಾಲ್ಕು ಸ್ಕ್ರೂಗಳನ್ನು ಜೇಬಿಗೆ ಹಾಕಿ, ಪೆಟ್ಟಿಗೆಯನ್ನು ಸ್ಕೂಟರಿನಲ್ಲಿ ಕಾಲ ಬಳಿ ಇಟ್ಟುಕೊಂಡು, ಯಾರಿಗೂ ಹೇಳದೆ ನಾಗಸಂದ್ರದ ಕಡೆ ಹೊರಟ.

ಮೆಟ್ರೋ ಸ್ಟೇಷನ್ನಿನ ಹತ್ತಿರದ ಮೊಬೈಲ್ ರಿಪೇರಿ ಅಂಗಡಿಯಲ್ಲಿ ಕೂತಿದ್ದ ಹುಡುಗಿ ತಲೆಯೆತ್ತಿ, “ನಮಸ್ಕಾರ ಸರ್,” ಎಂದಳು. ನೂರೀನ್. ನಾಲ್ಕು ವರ್ಷದ ಹಿಂದೆ ಅವನ ಕ್ಲಾಸಿನಲ್ಲೇ ಓದಿದವಳು. ಕಾಶಿನಾಥನಿಗೆ ಹಾಗೇ ಹಿಂದಕ್ಕೆ ತಿರುಗಿ ಮೆಟ್ರೋ ಹತ್ತಿಬಿಡೋಣ ಅನ್ನಿಸಿತು.

“ಚಿಪ್ ಬದಲಾಯಿಸ್ಬೇಕು. ನನಗ ಟೈಮಿಲ್ಲ, ಅದಕ್ಕ,” ಎಂದ.

ನೂರೀನ್ ಹೆಡ್‌ಫೋನಿನ ತೂತಿಗೆ ಒಂದು ಪಿನ್ನು ತೂರಿಸಲು ನೋಡಿದಳು. ಅರ್ಧಕ್ಕೇ ನಿಂತಿತು. ಟಾರ್ಚ್ ಹಿಡಿದು ನೋಡಿ ನಕ್ಕಳು. “ಚಿಪ್ ಚೆನ್ನಾಗಿದೆ ಸರ್. ಯಾರದೋ ಹೆಡ್‌ಫೋನ್ ಪಿನ್ ಮುರಿದು ಒಳಗೇ ಉಳ್ಕೊಂಡಿದೆ. ಹೆಡ್‌ಫೋನ್ ಹಾಕಿದಾರೆ ಅಂದ್ಕೊಂಡು ಪಾಪ ಸುಮ್ನೆ ಕೂತಿದೆ. ನೀವೇ ಹೇಳ್ಕೊಟ್ಟಿದ್ರಲ್ಲ.”

“ಹೌದಲ್ಲ,” ಎಂದ ಕಾಶಿನಾಥ, ಪರೀಕ್ಷಿಸಲೆಂದೇ ಬಂದವನಂತೆ.

ಅವಳು ತೆಳ್ಳನೆ ಕಡ್ಡಿಯ ತುದಿಗೆ ಒಂದು ಹನಿ ಅಂಟು ಹಚ್ಚಿ, ಒಳಗಿಟ್ಟು, ಎರಡು ನಿಮಿಷ ಕಾದು ಮುರುಕನ್ನು ಎಳೆದಳು. ಅದೇ ಹೊತ್ತಿಗೆ ಕಾಶಿನಾಥನ ಫೋನು ರಿಂಗಾಯಿತು. ಅಭ್ಯಾಸದಂತೆ ಒತ್ತಿ ಕಿವಿಗಿಟ್ಟುಕೊಂಡ. ರಕ್ಷಾಳ ದನಿ ಮಾತ್ರ ಪೆಟ್ಟಿಗೆಯಿಂದ ಗುಡುಗಿತು.

“ಆತೇನ್ರೀ? ಆಗಲಿಲ್ಲಂದ್ರ ಅಂಗಡ್ಯಾಗ ಮಾಡಿಸ್ರಿ. ಮನಿಗೆ ಬಂದು ನಾನ ಮಾಡಿದೆ ಅಂತ ಹೇಳಿದ್ರಾತು.”

ಅಂಗಡಿಯಲ್ಲಿದ್ದ ನಾಲ್ಕು ಗಿರಾಕಿಗಳು, ಪಕ್ಕದ ಜ್ಯೂಸ್ ಅಂಗಡಿಯವನು, ಸಿಗ್ನಲ್ಲಿಗೆ ನಿಂತಿದ್ದ ಒಬ್ಬ ಆಟೋದವನು, ಎಲ್ಲರೂ ಅವನತ್ತ ನೋಡಿದರು. ನೂರೀನ್ ಮಾತ್ರ ತಲೆತಗ್ಗಿಸಿ, ತನ್ನ ಡಬ್ಬಿಯಿಂದ ಎರಡು ಸ್ಕ್ರೂ ಹುಡುಕಿ ಹಾಕಿಕೊಟ್ಟಳು.

ಸಂಜೆ ಕಾಶಿನಾಥ ಮನೆ ಮುಟ್ಟಿದಾಗ ಗೇಟಿನೊಳಗೆ ಭಜನಾ ಮಂಡಳಿಯೇ ಸೇರಿತ್ತು. ಮಂಡಳಿಯ ಮುಖ್ಯಸ್ಥೆ ಲಕ್ಷ್ಮಿದೇವಮ್ಮ ಮೈಕು ಹಿಡಿದು ಒಂದು ಸಾಲು ಹಾಡಿದರು. ಕಾಂಪೌಂಡಿನ ಮೇಲಿದ್ದ ಬೆಕ್ಕು ನೆಗೆದು ಓಡಿತು.

“ಇಂಥಾ ಮೇಷ್ಟ್ರು ನಮ್ ಬೀದೀಲಿರೋದು ಪುಣ್ಯ,” ಎಂದರು ಲಕ್ಷ್ಮಿದೇವಮ್ಮ. “ಒಂದ್ ತಿಂಗ್ಳು ಪೆಟ್ಟಿಗೆ ಜವಾಬ್ದಾರಿ ನಿಮ್ದೇ. ದಿನಾ ನಾಲ್ಕೂವರೆಗೆ ಗುಡಿಗೆ ತಂದ್ಬಿಡಿ.”

ಎಲ್ಲರೂ ಚಪ್ಪಾಳೆ ತಟ್ಟಿದರು. ಎಂಟು ಗಂಟೆಯವರೆಗೆ ಮಲಗಿಯೇ ಅಭ್ಯಾಸವಿದ್ದ ಕಾಶಿನಾಥನ ಮುಖದಲ್ಲಿ ನಗು ಅಂಟಿಸಿದಂತೆ ನಿಂತಿತು.

ಮಂಡಳಿ ಚದುರಿದ ಮೇಲೆ ಗೋಪಾಲಮ್ಮ ಅವನನ್ನು ಮೆಟ್ಟಿಲ ಕೆಳಗೆ ಕರೆದರು. ಮುಖ ಗಂಟಿಕ್ಕಿತ್ತು.

“ಏನ್ ಕೆಲ್ಸ ಮಾಡ್ಬುಟ್ರಿ ಮೇಷ್ಟ್ರೆ. ಆ ಪಿನ್ನು ಮುರ್ದಾಕಿದ್ದು ನಾನೇ.”

ಕಾಶಿನಾಥ ಪೆಟ್ಟಿಗೆಯ ತೂತನ್ನೊಮ್ಮೆ, ಅವರ ಮುಖವನ್ನೊಮ್ಮೆ ನೋಡಿದ.

“ಮಂಡಿ ನೋವು ಕಣಪ್ಪ. ಈ ಚಳೀಲಿ ನಾಲ್ಕು ಗಂಟೆಗೆ ಏಳಕ್ಕಾಯ್ತದಾ? ಸ್ಪೀಕರ್ ಇಲ್ದಿದ್ರೆ ಐದು ಗಂಟೆಗೆ ಯಾರ್ ಕೇಳ್ತಾರೆ, ಏಳು ಗಂಟೆಗೇ ಇಟ್ಕಳಾನ ಅಂದಿದ್ಲು ಲಕ್ಷ್ಮಿದೇವಮ್ಮ. ಓದ್ ವಾರ ಕಿಟಕಿ ತೆಗ್ದು ಫೋನಲ್ಲಿ ನೀವೇ ಪಾಠ ಮಾಡ್ತಿದ್ರಲ್ಲ, ಆ ತೂತಿಗೆ ಪಿನ್ನು ಓದ್ರೆ ಸ್ಪೀಕರ್ ಬಾಯಿ ಮುಚ್ಕತದೆ ಅಂತ. ಕೇಳಿಸ್ಕಂಡೆ, ಮಾಡ್ದೆ.”

ಈ ವರ್ಷ ತನ್ನ ಪಾಠ ಅರ್ಥವಾದ ಏಕೈಕ ವಿದ್ಯಾರ್ಥಿ ಎದುರಿಗೆ ನಿಂತಿದ್ದರೂ ಕಾಶಿನಾಥನಿಗೆ ಸಂತೋಷಪಡಲು ಆಗಲಿಲ್ಲ.

“ಮತ್ತ ನನ್ನ ಕಡೆ ಯಾಕ ತಂದ್ರಿ ಅಮ್ಮಾ?”

“ಯಾರ್ಗಾದ್ರೂ ತೋರಿಸ್ದೆ ಅನ್ನಬೇಕಲ್ಲ. ನಿಮ್ ಕೈಲಿ ಆಗಲ್ಲ ಅಂತ ನಿಮ್ಮನೆಯವ್ರು ಏಳಿದ್ರು. ಅದುನ್ನೇ ನಂಬ್ಕಂಡು ತಂದೆ.”

ಕಾಶಿನಾಥ ಮೇಲಕ್ಕೊಮ್ಮೆ ನೋಡಿದ. ಅಡುಗೆಮನೆಯ ಕಿಟಕಿ ಮೆಲ್ಲಗೆ ಮುಚ್ಚಿಕೊಂಡಿತು. ಅವನು ದನಿ ತಗ್ಗಿಸಿದ.

“ರಾತ್ರಿಯೊಳಗ ನಾನ ಮತ್ತ ಕೆಡಿಸಿ ಕೊಡ್ಲೇನ್ರೀ?”

“ಬ್ಯಾಡ ಮೇಷ್ಟ್ರೆ,” ಎಂದು ಗೋಪಾಲಮ್ಮ ಪೆಟ್ಟಿಗೆಯನ್ನು ಅವನ ಕೈಗೇ ಕೊಟ್ಟರು. “ನೀವು ಕೆಡಿಸಕ್ಕೆ ಓದ್ರೆ ಇನ್ನೂ ಜೋರಾಗಿ ಕೂಗ್ಬುಡ್ತದೆ.”